ಸೋನಾಲಿಯ ಮುಖ

ಸಾಸ್ತೂರಿನ ಹಳೆಯ ಊರು ನೆಲಕ್ಕೆ ಬಿದ್ದಾಗ ಮೀನಲ ಇನ್ನೂ ಹುಟ್ಟಿರಲಿಲ್ಲ. ಅವಳು ಕಂಡದ್ದು ಭೂಕಂಪದ ನಂತರ ಕಟ್ಟಿದ ಹೊಸ ಊರನ್ನು ಮಾತ್ರ. ಹಗ್ಗ ಹಿಡಿದು ಎಳೆದಂಥ ರಸ್ತೆಗಳು, ಒಂದರ ಪಡಿಯಚ್ಚಿನಂತೆ ಇನ್ನೊಂದು ಮನೆ. ಅಂಥದೇ ಒಂದು ಮನೆಯಲ್ಲಿ ಕುಳಿತು ಅವಳು ಪುಣೆಯ ಕಂಪನಿಯೊಂದಕ್ಕೆ ಕೋಡ್ ಬರೆಯುತ್ತಿದ್ದಳು. ಸಂಜೆ ಕಂಪನಿಯ ಕೆಲಸ ಮುಗಿದ ಮೇಲೆ ಅದೇ ಲ್ಯಾಪ್‌ಟಾಪಿನಲ್ಲಿ ತನ್ನ ಸಂತೋಷಕ್ಕೆಂದು ಹಳೆಯ ಊರನ್ನು ಮತ್ತೆ ಕಟ್ಟುತ್ತಿದ್ದಳು.

ಹಳೆಯ ಊರಿನ ಮನೆಗಳು ಕರಿಕಲ್ಲು ಮಣ್ಣಿನವು, ಮೇಲೆ ಮಣ್ಣಿನ ಮಾಳಿಗೆ. ಎರಡು ಮನೆಗಳ ನಡುವೆ ಗೋಡೆ ಒಂದೇ. ಆದ್ದರಿಂದ ಒಬ್ಬರ ಮನೆ ಗೊತ್ತಾದರೆ ಮಗ್ಗುಲ ಮನೆ ತಾನಾಗಿ ಸಿಗುತ್ತಿತ್ತು. ಮೀನಲ ಹಿರಿಯರ ಮುಂದೆ ಕುಳಿತು ಯಾರ ಗೋಡೆಗೆ ಯಾರ ಗೋಡೆ ಹತ್ತಿತ್ತು ಎಂದು ಕೇಳುವಳು. ಅವರ ಮಾತನ್ನು ಎಐಗೆ ಕೊಟ್ಟರೆ ಅದು ಕೋಡಿನ ಕಚ್ಚಾ ಗೋಡೆ ಎಬ್ಬಿಸಿ ಕೊಡುವುದು, ಇವಳು ಒಂದೊಂದೇ ಕಲ್ಲು ಸರಿಮಾಡುವಳು. ಆ ಹಿರಿಯರಲ್ಲಿ ಮನ್ಮಥಪ್ಪ, ವಿಶ್ವನಾಥಪ್ಪ ಇಬ್ಬರೂ ಪರದೆಯ ಮುಂದೆ ಕುಳಿತು, ಬಿದ್ದು ಮೂವತ್ತು ವರ್ಷವಾದ ಗೋಡೆಗಾಗಿ ಜಗಳಾಡಿ ಒಂದು ವಾರ ಮಾತು ಬಿಟ್ಟಿದ್ದರು. ಯಾರಿಗೂ ನೆನಪಿಲ್ಲದ ಜಾಗವನ್ನು ಮೀನಲ ಕಪ್ಪಾಗಿಯೇ ಬಿಡುತ್ತಿದ್ದಳು. ಗೊತ್ತಿಲ್ಲದ್ದು ಗೊತ್ತಿಲ್ಲ, ಅಷ್ಟೇ.

ಅವಳ ದೊಡ್ಡವ್ವ ಪ್ರಯಾಗಬಾಯಿ ಎಲ್ಲರಿಗಿಂತ ಹೆಚ್ಚು ಹೇಳಿದ್ದಳು. ಹೇಳುವ ಮೊದಲು ಒಂದು ಕರಾರು ಹಾಕಿದ್ದಳು.

"ಒಲಿ ಎಲ್ಲಿತ್ತು, ಎಮ್ಮಿ ಎಲ್ಲಿ ಕಟ್ತಿದ್ವಿ, ಎಲ್ಲಾ ಹೇಳ್ತೀನಿ. ಖರೆ ಅದರಾಗ ನನ್ನ ಹುಡುಗಿನ್ನ ಮಾತ್ರ ಮಾಡಬ್ಯಾಡ."

"ಇಲ್ಲ ದೊಡ್ಡವ್ವ, ಮಾಡಂಗಿಲ್ಲ."

"ಬಾಯಿಲೆ ಅನಬ್ಯಾಡ. ಲಿಂಗ ಮುಟ್ಟಿ ಹೇಳು."

ಮೀನಲ ಕೊರಳ ಲಿಂಗ ಮುಟ್ಟಿ ಹೇಳಿದ್ದಳು.

ದೊಡ್ಡವ್ವನ ಮಗಳು ಸೋನಾಲಿ ಐದು ವರ್ಷದವಳಾಗಿ ಆ ಭೂಕಂಪದಲ್ಲಿ ಸತ್ತಿದ್ದಳು. ಅವಳದೊಂದು ಫೋಟೋ ಇರಲಿಲ್ಲ. ಹೂಳಿದ ಜಾಗದ ಗದ್ದಿಗೆಯೂ ಇರಲಿಲ್ಲ. ಇವರ ಮಂದಿಯಲ್ಲಿ ಸತ್ತವರನ್ನು ಕೂಡಿಸಿ, ಕೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುತ್ತಾರೆ. ಭೂಕಂಪದ ಬೆನ್ನಿಗೇ ಸುರಿದ ಮಳೆಯಲ್ಲಿ, ಅಷ್ಟು ಹೆಣಗಳ ನಡುವೆ, ಅದಕ್ಕೆ ವ್ಯವಧಾನವಿರಲಿಲ್ಲ. ಮನೆಗಳ ತೊಲೆ ಬಾಗಿಲುಗಳನ್ನೇ ಒಟ್ಟಿ ಎಲ್ಲರನ್ನೂ ಒಂದೇ ಬೆಂಕಿಯಲ್ಲಿ ಸುಟ್ಟರು. ವಿಭೂತಿ ಇಟ್ಟು ಬರಲು ಪ್ರಯಾಗಬಾಯಿಗೆ ಹಿಡಿ ಮಣ್ಣಿನ ಜಾಗವೂ ಉಳಿಯಲಿಲ್ಲ. ದಿನಾ ಮುಂಜಾನೆ ಲಿಂಗಪೂಜೆಗೆ ಕುಳಿತಾಗ ಅವಳು ಕಣ್ಣು ಮುಚ್ಚಿ ಮೊದಲು ಮಗಳ ಮುಖ ಕರೆಯುತ್ತಿದ್ದಳು. ಅದು ಬಂದು ನಿಂತ ಮೇಲೆಯೇ ಪತ್ರಿ, ನೀರು. ಇದು ಮನೆಯವರಿಗೆಲ್ಲ ಗೊತ್ತಿದ್ದ ಸಂಗತಿ.

ಮೀನಲಳಿಗೂ ಗೊತ್ತಿತ್ತು. ಆದರೂ ಒಂದು ಸಂಜೆ ಚಿತ್ರ ಬರೆಯುವ ಹೊಸ ಎಐ ಒಂದನ್ನು ಪರೀಕ್ಷೆ ಮಾಡುತ್ತ ಕುಳಿತವಳಿಗೆ ಕೈ ತಡೆಯಲಿಲ್ಲ. ಇದರಿಂದ ಎಷ್ಟಾಗುತ್ತದೆ ನೋಡೋಣ ಎಂಬ ತುರಿಕೆ. ದೊಡ್ಡವ್ವ ಮಾತಿನ ನಡುವೆ ಉದುರಿಸಿದ್ದ ನಾಲ್ಕು ಮಾತು, ಗುಂಗುರು ಕೂದಲು, ಬಿದ್ದ ಮುಂದಿನ ಹಲ್ಲು, ಮೊಳಕಾಲ ತನಕ ಲಂಗದಂಥ ಹಸಿರು ಪರಕಾರ, ಹಣೆಯ ಮೇಲೆ ವಿಭೂತಿ, ಬರೆದು ಕೊಟ್ಟಳು. ಬಾಗಿಲಲ್ಲಿ ನಿಂತು ನಗುವ ಹುಡುಗಿಯೊಬ್ಬಳು ಬಂದಳು. ಎಷ್ಟು ಜೀವಂತವಾಗಿ ಬಂದಳೆಂದರೆ ಮೀನಲ ಲ್ಯಾಪ್‌ಟಾಪ್ ಮುಚ್ಚಿಬಿಟ್ಟಳು. ಅಳಿಸಲಿಲ್ಲ.

ಉಮರ್ಗಾದಲ್ಲಿ ಮದುವೆ ವಿಡಿಯೋ ಮಾಡುವ ಅವಳ ಕಾಕನ ಮಗ ರವಿಕಾಂತನಿಗೆ ಆ ಹುಡುಗಿ ಸಿಕ್ಕಿದ್ದು ಹೀಗೆ. ಭೂಕಂಪದ ನೆನಪಿನ ದಿನ ಗುಡಿಯ ಮುಂದೆ ಹಳೆಯ ಊರನ್ನು ತೋರಿಸೋಣ, ಸಂಗೀತ ಹಚ್ಚಿ ಕೊಡುತ್ತೇನೆ ಎಂದು ಅವನು ಕೇಳಿದ್ದ. ಇವಳು ಆ ಚಿತ್ರವೂ ಇದ್ದ ಇಡೀ ಫೋಲ್ಡರನ್ನೇ ಕೊಟ್ಟಿದ್ದಳು.

ಆ ಸಂಜೆ ಗುಡಿಯ ಮುಂದೆ ಬಿಳಿ ಪರದೆ ಕಟ್ಟಿ, ಮುದುಕಿಯರನ್ನೆಲ್ಲ ಮುಂದೆ ಚಾಪೆಯ ಮೇಲೆ ಕೂಡಿಸಿದ್ದರು. ಊರು ಶುರುವಾಯಿತು. ಓಣಿ ಗುರುತು ಹಿಡಿದವರು ಕೂಗಿದರು. ಮೀನಲ ಕಪ್ಪಾಗಿ ಬಿಟ್ಟ ಜಾಗಗಳು ಮಾತ್ರ ಕಪ್ಪಾಗಿರಲಿಲ್ಲ. ಅಲ್ಲಿ ರವಿಕಾಂತ ತುಂಬಿಸಿದ ಹೂವಿನ ಬಳ್ಳಿ, ಬಣ್ಣದ ಕಿಟಕಿ, ಮನೆ ಮನೆಯ ಮುಂದೆ ತುಳಸಿಕಟ್ಟೆ.

"ಏ, ನಮ್ಮ ಲಿಂಗವಂತರ ಓಣ್ಯಾಗ ತುಳಸಿಕಟ್ಟಿ ಯಾರ ಕಟ್ಟಿದ್ರಲೇ?" ಮನ್ಮಥಪ್ಪ ಹಿಂದಿನಿಂದ ಕೇಳಿದ. "ಬಸಣ್ಣನ ಭಕ್ತರಿಗಿ ರಾತೋರಾತ್ ದೀಕ್ಷಾ ಬದಲ್ ಮಾಡ್ಯಾನ ನೋಡು!"

ಜನ ನಕ್ಕರು. ನಗು ಮುಗಿಯುವುದರೊಳಗೆ ಪ್ರಯಾಗಬಾಯಿಯ ಬಾಗಿಲು ಬಂತು. ಬಾಗಿಲಲ್ಲಿ ಹಸಿರು ಪರಕಾರದ ಹುಡುಗಿ, ಆಳೆತ್ತರ. ಕೆಳಗೆ ಸೋನಾಲಿ ಎಂಬ ಹೆಸರು. ರವಿಕಾಂತ ವಿಡಿಯೋ ತೆಗೆಯಲು ಫೋನ್ ಎತ್ತಿಕೊಂಡು ದೊಡ್ಡವ್ವನ ಮುಖದ ಹತ್ತಿರ ಹಿಡಿದ.

ಪ್ರಯಾಗಬಾಯಿ ಮೊದಲು ನೋಡಿದಳು. ಆಮೇಲೆ ಸೆರಗು ಎಳೆದು ಎರಡೂ ಕಣ್ಣು ಒತ್ತಿ ಹಿಡಿದಳು.

"ಬಂದ್ ಮಾಡು."

"ದೊಡ್ಡವ್ವ, ಒಂದ್ ಸಲ ನೋಡು, ನಿನ್ನ ಮಗಳು..."

"ಬಂದ್ ಮಾಡ್ತಿ ಇಲ್ಲಾ, ಭಾಡ್ಯಾ!"

ಸುತ್ತಲಿನ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಮುದುಕಿಗೆ ದುಃಖ ಉಕ್ಕಿ ಬಂತು ಎಂದುಕೊಂಡರು. ಮೀನಲ ಓಡಿ ಹೋಗಿ ವಾಯರ್ ಕಿತ್ತಳು. ಆಗ ಅವಳಿಗೆ ಕಂಡದ್ದು ದುಃಖವಲ್ಲ. ಸೆರಗು ಇಳಿಸಿದ ಪ್ರಯಾಗಬಾಯಿ ಅವಳನ್ನೇ ನೋಡುತ್ತಿದ್ದಳು, ಹೊಲದಲ್ಲಿ ಹಾವು ಕಂಡಾಗ ನೋಡುವ ಹಾಗೆ. ಎದ್ದು ಮನೆಗೆ ಹೋದಳು.

ಮೀನಲ ರವಿಕಾಂತನ ಅಂಗಿಯ ತೋಳು ಹಿಡಿದಳು.

"ಯಾರಿಗಿ ಕೇಳಿ ಹಚ್ಚಿದಿ?"

"ಅಕ್ಕಾ, ಕೈ ಬಿಡು. ಎಷ್ಟ್ ಮಂದಿ ಅತ್ತಾರ ನೋಡಿದಿಲ್ಲ? ನಿನ್ನ ಕರ್ರನ ತೂತು ನೋಡ್ಲಿಕ್ಕಿ ಯಾರ ಬರ್ತಿದ್ರು?"

"ಆಕಿ ಬ್ಯಾಡ ಅಂದಿದ್ಳು. ಮನಿ ಮಂದಿಗೆಲ್ಲಾ ಗೊತ್ತದ."

"ಬ್ಯಾಡ ಅಂದಿದ್ರ ನೀ ಯಾಕ ಮಾಡಿದಿ?" ಅವನು ತೋಳು ಕೊಡವಿಕೊಂಡ. "ನಾ ಏನ್ ಹುಡುಗಿನ್ನ ಮಾಡೀನಾ? ನೀ ಮಾಡಿ ಇಟ್ಟಿದ್ದಿ, ನಾ ಹಚ್ಚೀನಿ. ಹೆಸರಿಟ್ಟಾಕಿ ನೀನೇ."

ಫೋಲ್ಡರಿನಲ್ಲಿ ಚಿತ್ರಕ್ಕೆ ಸೋನಾಲಿ ಎಂದು ಹೆಸರು ಕೊಟ್ಟವಳು ಹೌದು, ಅವಳೇ. ಅವಳು ಪರದೆಯನ್ನೇ ಹರಿದು ಕೆಳಗೆ ಒಗೆದಳು.

ಮರುದಿನ ಪ್ರಯಾಗಬಾಯಿ ಮೂರು ಸಲ ಪೂಜೆಗೆ ಕುಳಿತು ಮೂರು ಸಲ ಎದ್ದಳು. ಪೂಜೆಯಾಗದೆ ಚಹಾ ಸಹ ಕುಡಿಯಲಿಲ್ಲ. ಮಧ್ಯಾಹ್ನ ಅವಳು ಮೀನಲಳ ಮನೆಗೆ ಬಂದಾಗ ಹಣೆಯ ಮೇಲೆ ವಿಭೂತಿ ಇರಲಿಲ್ಲ. ಅತ್ತಿಗೆಯನ್ನು ಕಂಡು ಮೀನಲಳ ಅಪ್ಪ ಪಂಡಿತ ಎದ್ದು ನಿಂತ.

"ಬಾರ್ರಿ ವೈನಿ, ಕೂಡ್ರಿ. ಪೋರಿಗಿ ನಾ ಬೈದೀನಿ. ಎಲ್ಲಾ ಅಳಸಿ ಬಿಟ್ಟಾಳಂತ."

"ನೀ ಸುಮ್ಮನಿರು ಪಂಡಿತ." ಅವಳು ನೇರವಾಗಿ ಮೀನಲಳ ಮುಂದೆ ಕುಳಿತಳು. "ಖರೆನಾ? ಅಳಸೀದಿ?"

"ಇಲ್ಲ ದೊಡ್ಡವ್ವ. ಅಳಸ್ಬೇಕಂದ್ರ ಕೈ ಬರ್ಲಿಲ್ಲ."

"ತೆಗಿ ಅದನ್ನ. ಮೂವತ್ತ್ ವರ್ಷ ಕಣ್ಣು ಮುಚ್ಚಿದ್ರ ನನ್ನ ಹುಡುಗಿ ಬರ್ತಿದ್ಳು. ಇವತ್ತ ನಿನ್ನ ಹುಡುಗಿ ಬರ್ಲಕತ್ತಾಳ. ಹಲ್ಲು ಕಿಸ್ಕೊಂಡು ಬರ್ಲಕತ್ತಾಳ. ನಾ ಆಕಿನ್ನ ಹೊಡದು ಹೊರಗ ಹಾಕ್ಬೇಕು. ತೆಗಿ."

ಮೀನಲ ಪರದೆಯ ಮೇಲೆ ಚಿತ್ರ ತೆರೆದಳು.

"ಮೂಗು. ಅಲ್ಲ, ಇದಲ್ಲ. ನಮ್ಮ ಹುಡುಗಿ ಮೂಗು ಮೊಂಡ. ಅಳಸು."

ಅಳಿಸಿದಳು. ಮೂಗಿನ ಜಾಗದಲ್ಲಿ ಬಿಳಿ ಉಳಿಯಿತು.

"ಕಣ್ಣು ಅಳಸು. ಇಷ್ಟು ದೊಡ್ಡ ಕಣ್ಣು ಯಾರಿಗಿರ್ತಾವ, ಎಮ್ಮಿಗಿ? ಕಿವಿ ಅಲ್ಲ. ಕೂದಲಾ ಗುಂಗುರು ಅಂದ್ರ ಹಿಂಗಲ್ಲ, ಎಣ್ಣಿ ಹಚ್ಚಿದ್ರ ಕೂಡ್ತಿದ್ವು. ಅಳಸು ಅಂದ್ರ ಅಳಸು, ಏನ್ ನೋಡ್ತಿ!"

ಒಂದೊಂದಕ್ಕೂ ಅವಳು ಕಣ್ಣು ಮುಚ್ಚಿ, ತೆರೆದು, ಅಲ್ಲ ಎಂದಳು. ಅಲ್ಲ ಎನ್ನುವಾಗ ಅವಳ ಧ್ವನಿ ಗಟ್ಟಿಯಾಗುತ್ತಿತ್ತು. ಕಳೆದ ಕೋಳಿಗಳನ್ನು ಒಂದೊಂದಾಗಿ ಬುಟ್ಟಿಯ ಕೆಳಗೆ ಮುಚ್ಚುವವಳ ಹಾಗೆ ಅವಸರ ಮಾಡುತ್ತಿದ್ದಳು. ಕಡೆಗೆ ಪರದೆಯ ಮೇಲೆ ಉಳಿದದ್ದು ಗದ್ದ, ಅದರ ಕೆಳಗೆ ಒಂದಿಷ್ಟು ಕೊರಳು.

ಪ್ರಯಾಗಬಾಯಿ ಕಣ್ಣು ಮುಚ್ಚಿದಳು. ಈ ಸಲ ಬೇಗ ತೆರೆಯಲಿಲ್ಲ.

"ಗದ್ದ..." ಎಂದು ಅಷ್ಟಕ್ಕೇ ಬಿಟ್ಟಳು. ಮತ್ತೆ ಮುಚ್ಚಿದಳು. "ಹೇಳು. ಇದು ನಾ ಹೇಳಿದ್ದೇನು?"

ಮೀನಲ ತಾನು ಬರೆದು ಕೊಟ್ಟಿದ್ದ ಮಾತುಗಳನ್ನು ತೆಗೆದು ನೋಡಿದಳು. ಗದ್ದದ ಮಾತಿರಲಿಲ್ಲ.

"ನೀ ಹೇಳಿಲ್ಲ ದೊಡ್ಡವ್ವ. ಅದು ತಾನೇ ಹಾಕ್ಯದ."

"ತಾನೇ ಹಾಕ್ಯದ," ಪ್ರಯಾಗಬಾಯಿ ಅಂದಳು. "ಖರೆ ಆಕಿಂದೂ ಹಿಂಗೇ ಇತ್ತೇನೋ. ಇತ್ತೋ ಇಲ್ಲೋ ನನಗ ತಿಳಿವಲ್ದು. ಮೊನ್ನಿ ತನಕಾ ತಿಳೀತಿತ್ತು!"

ಮೀನಲ ಅಳಲು ಶುರುಮಾಡಿದಳು.

"ಅಳಬ್ಯಾಡ. ಅಳ್ಳಿಕ್ಕಿ ನಿಂದೇನ್ ಹೋಗ್ಯದ? ಅಳಸು ಅದನ್ನ."

"ದೊಡ್ಡವ್ವ, ಒಂದ್ ವೇಳ್ಯಾ ಆಕಿಂದೇ ಇದ್ರ?"

"ಇದ್ರೂ ಅಳಸು. ನಿನ್ನ ಕೈಲಿಂದ ನನಗ ಬ್ಯಾಡ."

ಅಳಿಸಿದಳು. ಪರದೆ ಬಿಳಿಯಾಯಿತು. ಪ್ರಯಾಗಬಾಯಿ ಅದರ ಮುಂದೆಯೇ ಕಣ್ಣು ಮುಚ್ಚಿ, ಎದೆಯ ಮೇಲಿನ ಲಿಂಗವನ್ನು ಸೀರೆಯ ಮೇಲಿಂದಲೇ ಹಿಡಿದು ಬಹಳ ಹೊತ್ತು ಕುಳಿತಳು. ಪಂಡಿತ ಬಾಗಿಲಲ್ಲಿ ನಿಂತಿದ್ದ.

"ಬಂದಳಾ ವೈನಿ?"

"ಬಂದಳು." ಅವಳು ಮೊಣಕಾಲಿಗೆ ಕೈಕೊಟ್ಟು ಎದ್ದಳು. "ಗದ್ದ ಇಲ್ಲದಾಂಗ ಬಂದಾಳ."

ಮೀನಲ ಹಿಡಿದುಕೊಳ್ಳಲು ಏಳಹೋದಳು.

"ಕೂಡು ಅಲ್ಲೇ. ನನ್ನ ಹೊಸ್ತಿಲ ಮೆಟ್ಟಬ್ಯಾಡ ನೀ," ಎಂದು ಪ್ರಯಾಗಬಾಯಿ ಚಪ್ಪಲಿ ಮೆಟ್ಟಿಕೊಂಡು ಬಿಸಿಲಿಗೆ ಇಳಿದಳು. ಪೂಜೆಗೆ ಹೊತ್ತಾಗಿತ್ತು.