ಮೂರಡಿ ಬಿಸಿಲು

ಕೊಡಿಗೇಹಳ್ಳಿಯ ಹಳೇ ಮನೆ ಭಾಗವಾದಾಗ, ನಡುವೆ ಮೂರಡಿ ಓಣಿ ಬಿಡುತ್ತೇನೆಂದು ಅಣ್ಣ ಅನಂತರಾಜು ಸೋದರಮಾವ ಮುನಿಶಾಮಪ್ಪನವರ ಎದುರೇ ಒಪ್ಪಿದ್ದ. ಮಹಡಿ ಕಟ್ಟುವಾಗ ಆ ಮೂರಡಿಯನ್ನೂ ನುಂಗಿದ. ತಮ್ಮ ಅಶ್ವತ್ಥನ ಮನೆಗೆ ಹಗಲಲ್ಲೇ ಕತ್ತಲು. ಅಶ್ವತ್ಥನಿಗೆ ಅಣ್ಣನ ಮುಂದೆ ಬಾಯಿಲ್ಲ. ಇದ್ದದ್ದು ಅವನ ಹೆಂಡತಿ ಶಾಂತಲಾಗೆ. ಗೋಡೆ ಒಡೆಸಿ ಓಣಿ ಬಿಡಿಸಿಕೊಡಿ ಎಂದು ಅವಳು ಆ ಸೋದರಮಾವನಿಗೇ ದೂರು ಕೊಟ್ಟಳು. ಅವರು ಇವತ್ತು ಬರ್ತೀನಿ, ನಾಳೆ ಬರ್ತೀನಿ ಎನ್ನುತ್ತಾ ತಿಂಗಳುಗಟ್ಟಲೆ ಎಳೆದರು.

ಅಷ್ಟರಲ್ಲಿ ಕಿಟಕಿಯ ಕನಕಾಂಬರ ಸೊರಗಿತು. ಶಾಂತಲಾ ಆರ್.ಟಿ. ನಗರಕ್ಕೆ ಹೋಗಿ, ಡಬ್ಬದ ಮೇಲೆ ಲೂಮೆನ್ ಜಾಸ್ತಿ ಇದ್ದ ದೀಪವನ್ನೇ ಆರಿಸಿ ತಂದಳು. ಮನೆ ಬೆಳಗಿತು, ಗಿಡ ಮಾತ್ರ ಕಡ್ಡಿಯಾಗಿ ಉದ್ದಕ್ಕೆ ಬೆಳೆದು ಎಲೆ ಉದುರಿಸಿತು. ಅವಳಿಗೆ ಹಠ ಬಂತು. ಕೂತು ಓದಿದಳು. ವ್ಯಾಟ್ ಹೇಳುವುದು ದೀಪ ತಿನ್ನುವ ಕರೆಂಟನ್ನು, ಲೂಮೆನ್ ಹೇಳುವುದು ನಮ್ಮ ಕಣ್ಣಿಗೆ ಕಾಣುವ ಬೆಳಕನ್ನು. ಅವೆರಡನ್ನೂ ಕಟ್ಟಿಕೊಂಡು ಗಿಡಕ್ಕೇನಾಗಬೇಕು? ಅದಕ್ಕೆ ದಕ್ಕುವ ಬೆಳಕು ಎಲೆಯ ಮೇಲೆ ಎಷ್ಟು ಬೀಳುತ್ತದೆ, ದೀಪ ಎಷ್ಟು ದೂರದಲ್ಲಿದ್ದರೆ ಬೀಳುತ್ತದೆ ಎಂಬುದೇ ಲೆಕ್ಕ. ಅದನ್ನು ಡಬ್ಬದ ಮೇಲೆ ಬರೆದಿದ್ದ ದೀಪವನ್ನೇ ಹುಡುಕಿ ತರಿಸಿ, ಗಿಡದ ನೆತ್ತಿಯಿಂದ ಒಂದು ಗೇಣು ಮೇಲಕ್ಕೆ ಕಟ್ಟಿದಳು. ಗಿಡ ಚಿಗುರಿ ಮೈತುಂಬ ಹೂ ಬಿಟ್ಟಿತು. ಅವಳಿಗೆ ಗೆದ್ದಷ್ಟು ಸಂತೋಷ. ಪೆದ್ದಿ.

ಕೊನೆಗೊಂದು ಭಾನುವಾರ ಬೆಳಿಗ್ಗೆ ಮುನಿಶಾಮಪ್ಪ ಬಂದರು, ಅನಂತರಾಜುವಿನ ಕಾರಿನಲ್ಲೇ. ಕತ್ತಲು ಕಾಣಲಿ ಎಂದು ಶಾಂತಲಾ ಮನೆಯ ಲೈಟು ಹಾಕಿರಲಿಲ್ಲ. ಗಿಡದ ದೀಪ ಮಾತ್ರ ಉರಿಯುತ್ತಿತ್ತು.

"ಎಲ್ಲವ್ವ ಕತ್ಲೆ? ಊವ ಇಂಗೆ ಬಿಟ್ಟೈತಲ್ಲ," ಎಂದರು ಮಾವ.

"ಅದು ದೀಪಕ್ಕೆ ಬಿಟ್ಟಿರೋದು ಮಾವ, ಬಿಸಿಲಿಗಲ್ಲ."

ಅನಂತರಾಜು ಒಂದು ಹೂ ಕಿತ್ತು ನೋಡಿದ. "ಗಿಡಕ್ಕೇ ಸಾಕಾಗಿದೆ, ಮನುಷ್ಯರಿಗೆ ಸಾಕಾಗಲ್ವಾ? ಬೇಕಾದ್ರೆ ಇನ್ನೂ ನಾಲ್ಕು ಲೈಟ್ ನಾನೇ ಹಾಕಿಸ್ಕೊಡ್ತೀನಿ. ಇಷ್ಟಕ್ಕೆ ಗೋಡೆ ಒಡೀಬೇಕಾ ಮಾವ?"

"ನಾನು ಲೈಟ್ ಕೇಳಿಲ್ಲ ಭಾವ. ನೀವು ಬಿಡ್ತೀನಿ ಅಂದಿದ್ದ ಓಣಿ ಕೇಳ್ತಿದೀನಿ."

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹಚ್ಚುವುದು ಮುನಿಶಾಮಪ್ಪನವರಿಗೆ ಹೊಸದೇನಲ್ಲ. "ಓಗ್ಲಿ ಬುಡವ್ವ," ಎಂದರು. "ಕಟ್ಟಿದ್ ಮನೆ ಒಡ್ಯೋದು ಒಳ್ಳೇದಲ್ಲ. ಲೈಟ್ ಆಕುಸ್ಕೊಡ್ತಾನಲ್ಲ."

ಶಾಂತಲಾ ಗಂಡನ ಮುಖ ನೋಡಿದಳು. "ಅಣ್ಣ ಹೇಳೋದೂ ಸರಿನೇ ಅಲ್ವೇನೇ," ಎಂದ ಅಶ್ವತ್ಥ.

ಅವರು ಹೋದ ಮೇಲೆ ಅವಳು ಗಿಡದ ಮುಂದೆ ನಿಂತಳು. ಸಾಯಲು ಬಿಟ್ಟಿದ್ದರೆ ಅದು ಅವಳ ಪರ ಸಾಕ್ಷಿ ಹೇಳುತ್ತಿತ್ತು. ಕಷ್ಟಪಟ್ಟು ಬದುಕಿಸಿ, ಭಾವನ ಕಡೆಯ ಸಾಕ್ಷಿ ಮಾಡಿಕೊಟ್ಟಿದ್ದಳು. ದೀಪದ ಸ್ವಿಚ್ಚಿಗೆ ಕೈ ಹಾಕಿದಳು.

"ಆರಿಸ್ಬೇಡ ಕಣೇ, ಪೇಪರ್ ಓದ್ತಿದೀನಿ," ಎಂದು ಅಶ್ವತ್ಥ ಕುರ್ಚಿಯನ್ನು ಆ ದೀಪದ ಹತ್ತಿರಕ್ಕೆ ಎಳೆದುಕೊಂಡ.