ಹದಿನಾರು ಕೊಡುವ ಗಾಡಿ

ನಾನು ಒಂದು ಕಾರು. ಮೈ ಚಿಕ್ಕದು, ಬೆಲೆ ದೊಡ್ಡದು. ಪುಣೆಯ ಆಚೆಗಿನ ಒಂದು ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದರು. ನನ್ನ ನಕ್ಷೆ ಬರೆದವರು ಮಾತ್ರ ಹಿಮ ಬೀಳುವ ದೇಶದವರು. ಹಿಮದಲ್ಲಿ ಎರಡು ಗಾಲಿ ಜಾರಿದರೆ ಇನ್ನೆರಡು ಎಳೆಯಲಿ ಎಂದು ಎಂಜಿನ್ನಿನ ಬಲವನ್ನು ನಾಲ್ಕೂ ಗಾಲಿಗಳಿಗೆ ಹಂಚಿದರು. ಅದಕ್ಕಾಗಿ ನನ್ನ ಹೊಟ್ಟೆಯ ಕೆಳಗೆ ಉದ್ದಕ್ಕೂ ಒಂದು ಉಕ್ಕಿನ ದಂಡ ತಿರುಗುತ್ತದೆ. ಒಟ್ಟು ತೂಕ ಹದಿನೆಂಟು ಕ್ವಿಂಟಾಲ್.

ಇಷ್ಟು ಭಾರವನ್ನು ಗಾಳಿ ಕುಡಿದು ಎಳೆಯಲಾಗುವುದಿಲ್ಲ. ಲೀಟರಿಗೆ ಹದಿನಾಲ್ಕು ಕಿಲೋಮೀಟರ್ ಎಂದು ಕಂಪನಿಯ ಪುಸ್ತಿಕೆ ಹೇಳುತ್ತಿತ್ತು. ಅದು ಸುಳ್ಳಲ್ಲ. ಪ್ರಯೋಗಶಾಲೆಯಲ್ಲಿ, ಉರುಳೆಗಳ ಮೇಲೆ, ಎಸಿ ಹಾಕದೆ ಹದವಾಗಿ ಓಡಿಸಿ ಅಳೆದ ಲೆಕ್ಕ. ಗದಗಿನ ಪೇಟೆ ಆ ಪ್ರಯೋಗಶಾಲೆಯಲ್ಲಿರಲಿಲ್ಲ.

ನನ್ನನ್ನು ಕೊಂಡವರು ಗದಗಿನ ಪಾತ್ರೆ ವ್ಯಾಪಾರಿ ಚನ್ನವೀರಪ್ಪ ಹಳ್ಳಿಕೇರಿ. ಹಿಮವನ್ನು ಅವರು ಫ್ರಿಜ್ಜಿನಲ್ಲಿ ಮಾತ್ರ ಕಂಡಿದ್ದರು. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ, ನಡುವೆ ಎತ್ತಿನ ಗಾಡಿ, ಆಟೋ, ದನಕರು. ನಿಂತು, ಹೊರಟು, ಮತ್ತೆ ನಿಲ್ಲುವುದರಲ್ಲೇ ನನ್ನ ಪೆಟ್ರೋಲ್ ಮುಗಿಯುತ್ತಿತ್ತು. ಪೇಟೆಯಲ್ಲಿ ನಾನು ಕೊಡುತ್ತಿದ್ದುದು ಲೀಟರಿಗೆ ಎಂಟು ಕಿಲೋಮೀಟರ್.

ನಮ್ಮ ಕಡೆ ಹೊಸ ಗಾಡಿಯನ್ನು ಕಂಡವರು ಬಣ್ಣ ಕೇಳುವುದಿಲ್ಲ, ಬೆಲೆಯನ್ನೂ ಆಮೇಲೆ ಕೇಳುತ್ತಾರೆ. ಮೊದಲ ಪ್ರಶ್ನೆ ಒಂದೇ.

"ಎಷ್ಟ ಕೊಡತೈತ್ರಿ ಸಾವ್ಕಾರ?" ಎಂದು ಪಕ್ಕದ ಬಟ್ಟೆ ಅಂಗಡಿಯ ಗಂಗಣ್ಣ ಕೇಳಿದ.

"ಎಂಟು," ಎಂದರು ಚನ್ನವೀರಪ್ಪ. ಆಗ ಅವರಿಗೆ ಮುಚ್ಚಿಡುವ ಯೋಚನೆಯೇ ಇರಲಿಲ್ಲ.

"ಎಂಟಾ? ಅದಕ್ಕಿಂತ ಒಂದು ಎಮ್ಮಿ ಕಟ್ಟಬೇಕಿತ್ತರಿ. ಎಂಟು ಲೀಟರ್ ಅದೂ ಕೊಡತಿತ್ತು, ಮ್ಯಾಲೆ ಶಗಣಿ ಬ್ಯಾರೆ!"

ಓಣಿಯ ಅಂಗಡಿಗಳೆಲ್ಲ ನಕ್ಕವು. ಮರುದಿನ ಇನ್ಯಾರೋ ಕೇಳಿದಾಗ ಚನ್ನವೀರಪ್ಪನವರು ನನ್ನ ಬಾನೆಟ್ ಸವರುತ್ತ, "ಹದಿನಾರು ಕೊಡತೈತಿ," ಎಂದರು. ನನಗೆ ಬಾಯಿಯಿದ್ದರೆ ಅಲ್ಲೇ ಕೆಮ್ಮುತ್ತಿದ್ದೆ.

ಮಗಳು ನೀಲಾಂಬಿಕಾಳ ಮದುವೆಯಲ್ಲಿ ಆ ಹದಿನಾರು ಧಾರವಾಡದ ಬೀಗರ ಕಿವಿಗೂ ಬಿತ್ತು. ಬೀಗರು ನಿಜಗುಣಪ್ಪ ಕೋರಿ ಬಸ್ ಡಿಪೋ ಮ್ಯಾನೇಜರ್ ಆಗಿ ನಿವೃತ್ತರಾದವರು. ಯಾವ ಬಸ್ಸು ಎಷ್ಟು ಡೀಸೆಲ್ ಕುಡಿಯಿತು ಎಂದು ಡ್ರೈವರುಗಳನ್ನು ಕೇಳುವುದರಲ್ಲೇ ಆಯುಷ್ಯ ಕಳೆದವರು.

"ನಾಕೂ ಗಾಲಿ ಎಳಿಯೂ ಗಾಡಿ, ಹದಿನಾರು?" ಎಂದು ಹುಬ್ಬೇರಿಸಿ ಸುಮ್ಮನಾದರು.

ಕೆಲವು ತಿಂಗಳ ಬಳಿಕ ನೀಲಾಳ ಫೋನ್ ಬಂತು. ಚನ್ನವೀರಪ್ಪನವರು ಗಾಡಿ ಓಡಿಸುತ್ತಿದ್ದರಿಂದ ಅವಳ ದನಿ ನನ್ನ ಸ್ಪೀಕರಿನಲ್ಲೇ ಕೇಳಿಸಿತು.

"ಅಪ್ಪಾ, ನಿನ್ನೆ ಊಟದಾಗ ನಿನ್ನ ಗಾಡಿ ಮಾತ ಬಂತು. ಹದಿನಾರು ಕೊಡೂದು ಸಾಧ್ಯನ ಇಲ್ಲ ಅಂತ ಮಾವಾರು ನಕ್ರು. ನಮ್ಮಪ್ಪ ಸುಳ್ಳ ಹೇಳೂದಿಲ್ರಿ, ಬೇಕಾರ ಬಂದು ನೋಡ್ರಿ ಅಂದ್ಬಿಟ್ಟೆ. ಎಲ್ರೂ ಗಪ್‌ಚಿಪ್!"

ಅವಳು ನಗುತ್ತಿದ್ದಳು. ಹೊಸ ಮನೆಯಲ್ಲಿ ಮೊದಲ ಸಲ ಗಟ್ಟಿಯಾಗಿ ಮಾತಾಡಿ ಗೆದ್ದ ಖುಷಿ ಅದು. ಚನ್ನವೀರಪ್ಪನವರು "ಹೂಂ" ಎಂದರು. ಎದುರಿಗೆ ಯಾರೂ ಇಲ್ಲದಿದ್ದರೂ ಹಾರ್ನ್ ಒತ್ತಿದರು.

ನನಗೆ ಸತ್ಯ ಹೇಳಲು ಇದ್ದದ್ದು ಒಂದೇ ಜಾಗ. ಸ್ಟೇರಿಂಗಿನ ಹಿಂದೆ, ಎರಡು ಗಡಿಯಾರದಂಥ ಮುಳ್ಳುಗಳ ನಡುವೆ ಒಂದು ಪುಟ್ಟ ಪರದೆ. ಲೀಟರಿಗೆ ಎಷ್ಟು ಓಡಿದೆ, ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ, ಎರಡೂ ಅಲ್ಲೇ ಕಾಣುತ್ತಿದ್ದವು. ಫೋನ್ ಬಂದ ಮರುದಿನ ಚನ್ನವೀರಪ್ಪನವರು ಮನೆದೇವರು ವೀರಭದ್ರನ ಒಂದು ಸ್ಟಿಕ್ಕರ್ ತಂದರು. ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಸರಿಯಾಗಿ ಆ ಪರದೆಯ ಮೇಲೆ ಅಂಟಿಸಿದರು. ನೋಡಿದವರೆಲ್ಲ, "ಸಾವ್ಕಾರ ದೇವರನ್ನ ಕಣ್ಮುಂದ ಇಟ್ಕೊಂಡ ಗಾಡಿ ಹೊಡೀತಾರ," ಎಂದು ಹೊಗಳಿದರು. ನನ್ನ ನಾಚಿಕೆಗೆ ಕುಂಕುಮ ಹಚ್ಚಿದಂತಾಯಿತು.

ನೀಲಾ ಬಸುರಿಯಾಗಿ ಏಳು ತಿಂಗಳು ತುಂಬಿತು. ಕುಬಸ, ಅಂದರೆ ಸೀಮಂತ, ಮಾಡಲು ಅವಳನ್ನು ತವರಿಗೆ ಕರೆತರಬೇಕು. ಚನ್ನವೀರಪ್ಪನವರು ಎಂದೂ ನನ್ನ ಟ್ಯಾಂಕ್ ತುಂಬಿಸಿದವರಲ್ಲ. ತುಂಬಿಸಿದರೆ ಎಷ್ಟು ಬೇಗ ಬರಿದಾಗುತ್ತದೆ ಎಂಬುದು ಕಾಣಿಸುತ್ತದಲ್ಲ! ಧಾರವಾಡಕ್ಕೆ ಹೋಗಿಬರಲು ನೂರಾ ಅರವತ್ತು ಕಿಲೋಮೀಟರ್. ತಳದಲ್ಲಿ ಉಳಿದಿದ್ದ ಎರಡು-ಮೂರು ಲೀಟರಿನ ಮೇಲೆ ಅವರು ಹತ್ತು ಲೀಟರ್ ಹಾಕಿಸಿದರು. ಹೇಳಿ ಹೇಳಿ ಹದಿನಾರು ಅವರಿಗೇ ನಿಜವಾಗಿಬಿಟ್ಟಿತ್ತು. ಹೆದ್ದಾರಿಯಲ್ಲಿ ನಾನು ಪೇಟೆಗಿಂತ ವಾಸಿ. ಆದರೂ ಹನ್ನೊಂದರ ಮೇಲೆ ನನ್ನಿಂದ ಆಗದು.

ಬರುವಾಗ, ಕುಬಸಕ್ಕೆಂದು ಜೊತೆಗೆ ಹೊರಟ ನಿಜಗುಣಪ್ಪನವರು ಮುಂದೆ ಕುಳಿತರು, ನೀಲಾ ಹಿಂದೆ. ಹುಬ್ಬಳ್ಳಿ ದಾಟಿದ ಮೇಲೆ ನಾನು 'ಟಿಣ್' ಎಂದೆ. ಪೆಟ್ರೋಲ್ ಮುಗಿಯುತ್ತ ಬಂದಾಗ ನಾನು ಕೂಗಬಲ್ಲದ್ದು ಅಷ್ಟೇ.

"ಬೆಲ್ಟ್ ಹಾಕ್ಕೊಳವ್ವಾ ನೀಲಾ, ಗಾಡಿ ಕೇಳಾಕತ್ತೈತಿ," ಎಂದರು ಚನ್ನವೀರಪ್ಪ.

"ಹಾಕೇನ್ಯಪಾ."

ಆಗ ಅವರಿಗೆ ಅನುಮಾನ ಬಂದಿರಬೇಕು. ಅಣ್ಣಿಗೇರಿಯ ಬಂಕ್ ಎದುರಾದಾಗ ಅವರ ಕಾಲು ಆಕ್ಸಿಲರೇಟರಿನಿಂದ ಮೇಲೆದ್ದಿತು. ಆದರೆ ಹೊರಡುವ ಮುಂಚೆ ಬೀಗರ ಮುಂದೆ, "ಮುಂಜಾನೆ ಪೆಟ್ರೋಲ್ ಹಾಕಿಸೇನ್ರಿ, ಹೋಗಿಬರಾಕ ಸಾಕು," ಎಂದಿದ್ದರು. ಕಾಲು ಮತ್ತೆ ಕೆಳಗಿಳಿಯಿತು. ಬಂಕ್ ಹಿಂದೆ ಸರಿಯಿತು.

ಊರು ದಾಟಿ ಎರೆಹೊಲಗಳ ನಡುವೆ ನಾನು ಕೆಮ್ಮಿ, ನಡುಗಿ, ನಿಂತುಬಿಟ್ಟೆ. ಎಸಿ ಆರಿತು. ಮಧ್ಯಾಹ್ನದ ಬಿಸಿಲು ಗಾಜಿಗೆ ಬಡಿಯಿತು. ನಿಜಗುಣಪ್ಪನವರು ಇಳಿದು ಬಾನೆಟ್ ಎತ್ತಿದರು.

ನೀಲಾ ಬೆಲ್ಟ್ ಬಿಚ್ಚಿ, ಮಾವ ಬಿಟ್ಟ ಮುಂದಿನ ಸೀಟಿಗೆ ಬಂದು, ಕಷ್ಟಪಟ್ಟು ಬಾಗಿದಳು. ವೀರಭದ್ರನ ಅಂಚಿನಿಂದ ಸಣ್ಣ ಕೆಂಪು ಬೆಳಕು ಇಣುಕುತ್ತಿತ್ತು. ಉಗುರಿನಿಂದ ಸ್ಟಿಕ್ಕರ್ ಕಿತ್ತಳು. ಪೆಟ್ರೋಲ್ ಮುಗಿದದ್ದನ್ನು ತೋರಿಸುವ ಕೆಂಪು ಗುರುತು ಕಂಡಿತು. ಅದರ ಮೇಲೆ, ಕೊಂಡ ದಿನದಿಂದ ಇಂದಿನವರೆಗಿನ ಸರಾಸರಿ: ಎಂಟು ಪಾಯಿಂಟ್ ನಾಲ್ಕು.

"ಅಪ್ಪಾ," ಎಂದಳು. ಅಷ್ಟೇ. ಆ ಒಂದು ಮಾತಿಗೆ ಚನ್ನವೀರಪ್ಪನವರ ತಲೆ ಸ್ಟೇರಿಂಗಿನವರೆಗೂ ಇಳಿಯಿತು.

"ಏನಾಗೇತ್ರಿ ಬೀಗರ?" ಬಾನೆಟ್ಟಿನ ಆಚೆಯಿಂದ ಪ್ರಶ್ನೆ ಬಂತು.

ಉತ್ತರ ಕೊಟ್ಟವಳು ನೀಲಾ. "ಮಾವಾರ, ಪೈಪ್ ಸೋರಿ ಪೆಟ್ರೋಲ್ ಎಲ್ಲಾ ಹೋಗೇತಂತ. ಮೊನ್ನಿನ ಗ್ಯಾರೇಜಿನವ್ರು ಹೇಳಿದ್ರಂತ, ಅಪ್ಪ ಮರತಾರ."

ನಿಜಗುಣಪ್ಪನವರು ಬಗ್ಗಿ ನನ್ನ ಹೊಟ್ಟೆಯ ಕೆಳಗೆ ನೋಡಿದರು. ಎದ್ದು ಕೈ ಒರೆಸಿಕೊಂಡು, "ಹೌದಾ?" ಎಂದರು. ಉಳ್ಳಾಗಡ್ಡಿ ಚೀಲ ಹೇರಿದ್ದ ಟೆಂಪೋ ಒಂದು ನಿಂತಿತು. ಏಳು ತಿಂಗಳ ಬಸುರಿ ಮಾವನ ಕೈ ಹಿಡಿದು ಅದರ ಕ್ಯಾಬಿನ್ ಹತ್ತಿದಳು. ತಂದೆಯ ಕಡೆ ತಿರುಗಿ ನೋಡಲಿಲ್ಲ.

ಕುಬಸ ಆಯಿತು, ಹೆರಿಗೆಯೂ ಸುಸೂತ್ರ ಆಯಿತು. ಕೂಸಿಗೆ ಐದು ತಿಂಗಳಾದಾಗ ಚನ್ನವೀರಪ್ಪನವರು ತಾಯಿ ಮಗುವನ್ನು ನನ್ನಲ್ಲಿ ಕೂರಿಸಿಕೊಂಡು ಧಾರವಾಡಕ್ಕೆ ಬಿಡಲು ಹೋದರು. ಊಟ ಮುಗಿಸಿ ಹೊರಟು, ಎಂಜಿನ್ ಚಾಲೂ ಮಾಡಿದಾಗ ನಿಜಗುಣಪ್ಪನವರು ಬಂದು ನನ್ನ ಕಿಟಕಿಗೆ ಮೊಣಕೈ ಊರಿದರು.

"ಬೀಗರ, ಒಂದ್ ಮಾತು. ಸಿಟ್ಟಾಗಬ್ಯಾಡ್ರಿ. ಪೈಪ್ ಸೋರಿದ್ರ ವಾಸನಿ ಬರಬೇಕು. ಆವತ್ತ ನನ್ನ ಮೂಗಿಗೆ ಏನೂ ಬರಲಿಲ್ಲ. ಮೂವತ್ತ ವರ್ಷ ಡಿಪೋದಾಗ ಇದ್ದ ಮೂಗದು."

ಚನ್ನವೀರಪ್ಪನವರು ಗೇರಿನ ಮೇಲೆ ಕೈ ಇಟ್ಟರು.

"ಸೊಸಿ ಸುಳ್ಳ ಹೇಳಿದ್ಲು. ಸಣ್ಣದು, ನಾನೂ ಬಿಟ್ಟೆ. ಆದ್ರ ನನ್ನ ಬಾಯಿಂದ ಇದನ್ನ ಕೇಳಿದ ನಮ್ಮ ಮನಿಯಾಕಿ ಬಿಡವಲ್ಲಳು. ಈಗ ನೀಲಾ ಫೋನಿನ್ಯಾಗ ಏನ ಹೇಳಿದ್ರೂ, ಕೂಸಿಗೆ ಜ್ವರ ಅಂದ್ರೂ, ಖರೇನೋ ಏನೋ ಅಂತಾಳ. ಹಿಂಗಾಗಬಾರದಿತ್ತು."

ಗೇರ್ ಹಾಕಿದರೆ ಹೊರಟುಬಿಡಬಹುದಿತ್ತು. ಗೇಟು ತೆರೆದೇ ಇತ್ತು. ಅವರು ಬ್ರೇಕಿನಿಂದ ಕಾಲು ತೆಗೆಯಲಿಲ್ಲ.

"ಅಕಿ ಅಲ್ರೀ," ಎಂದರು ಕೊನೆಗೆ. "ನಾನು. ಮೊದಲಿಂದನೂ ನಾನ. ಈ ಗಾಡಿ ಎಂಟ ಕೊಡತೈತಿ. ನನ್ನ ಮಾನ ಉಳಸಾಕ ಅಕಿ ಹಂಗಂದ್ಲು."

ನಿಜಗುಣಪ್ಪನವರ ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

"ನನಗ್ಯಾಕ ಹೇಳತೀರಿ? ಒಳಗ ಬಂದು ಹೇಳ್ರಿ."

ಚನ್ನವೀರಪ್ಪನವರು ಇಳಿದರು. ಎಂಜಿನ್ ಆರಿಸಲು ಮರೆತರು, ಬಾಗಿಲನ್ನೂ ಹಾಕಲಿಲ್ಲ. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಹೆಗಲ ಮೇಲಿನ ಶಲ್ಯ ತೆಗೆದು ಕೈಯಲ್ಲಿ ಹಿಡಿದು, ಸೊಂಟ ಬಾಗಿಸಿ ಒಳಗೆ ಹೋದರು. ಒಳಗೆ ಏನೇನು ಮಾತಾಯಿತೋ ನನಗೆ ಕೇಳಿಸಲಿಲ್ಲ. ಒಮ್ಮೆ ಕೂಸು ಅತ್ತದ್ದು ಮಾತ್ರ ಕೇಳಿತು.

ನಾನು ಅಂಗಳದಲ್ಲಿ ನಿಂತೇ ಉರಿಯುತ್ತಿದ್ದೆ. ನಿಂತ ಗಾಡಿ ಲೀಟರಿಗೆ ಸೊನ್ನೆ ಕೊಡುತ್ತದೆ. ಆ ದಿನದ ಪ್ರಯಾಣದ ಸರಾಸರಿ ಹನ್ನೊಂದಿದ್ದದ್ದು ಹತ್ತೂ ಮುಕ್ಕಾಲಾಯಿತು, ಹತ್ತೂವರೆಯಾಯಿತು.

ಮುಂದೆ ಇಬ್ಬರು ಧಣಿಗಳ ಕೈ ದಾಟಿದೆ. ಈಗ ಹುಬ್ಬಳ್ಳಿಯ ಒಂದು ಗ್ಯಾರೇಜಿನ ಹಿಂದೆ ಇಟ್ಟಿಗೆಗಳ ಮೇಲೆ ಕುಳಿತಿದ್ದೇನೆ. ಗಾಲಿಗಳಿಲ್ಲ, ಆ ಉದ್ದನೆಯ ಉಕ್ಕಿನ ದಂಡವನ್ನೂ ಯಾರೋ ಬಿಚ್ಚಿಕೊಂಡು ಹೋದರು. ಕುಡಿದ ಪೆಟ್ರೋಲನ್ನೆಲ್ಲ ನೆನೆದರೆ ಇಂದಿಗೂ ಮುಖ ಎತ್ತಲಾರೆ. ಆ ಅಂಗಳದಲ್ಲಿ, ಎಲ್ಲಿಗೂ ಹೋಗದೆ ಉರಿಸಿದ ಕಾಲು ಲೀಟರಿನ ವಿಷಯದಲ್ಲಿ ಮಾತ್ರ ನನಗೆ ನಾಚಿಕೆಯಿಲ್ಲ.