ಏನೂ ಇಲ್ಲ ಬಿಡ್ರಿ

ಏಕಾಂತಮ್ಮನ ಕಾಲು ಅವತ್ತು ನೆಲದ ಮೇಲೇ ನಿಲ್ತಿರಲಿಲ್ಲ. ಎದೆ ಮೇಲೆ ನೀಲಿ ರಿಬ್ಬನ್ ಬ್ಯಾಡ್ಜು, ಜಡೆಗೆ ಕನಕಾಂಬರ, ಕೈಯಾಗೆ ನೀರಿನ ಜಗ್ಗು. ಎಪ್ಪತ್ತೇಳನೇ ಇಸವಿ, ದುರ್ಗದ ಕಾಲೇಜು ಹಾಲಿನಾಗೆ ‘ನಾಳಿನ ನಗರ’ ಅಂತ ದೊಡ್ಡ ವಿಚಾರ ಸಂಕಿರಣ. ಮೈಸೂರಿನೋರು, ಧಾರವಾಡದೋರು, ಮದ್ರಾಸಿನೋರು, ಟೈ ಕಟ್ಟಿದೋರು, ಪೈಪು ಸೇದೋರು, ಎಲ್ಲಾ ಬಂದಿದ್ರು. ಬಿ.ಎ. ಓದೋ ಏಕಾಂತಮ್ಮ ಅಲ್ಲಿ ಸ್ವಯಂಸೇವಕಿ.

ಆದ್ರೆ ಅವಳ ಖುಷಿ ಅದಕ್ಕಲ್ಲ. ಅವತ್ತು ಜುಂಜಯ್ಯ ಪ್ರಬಂಧ ಓದೋನು.

ಜುಂಜಯ್ಯ ಯಲ್ಲದಕೆರೆ ಹುಡುಗ. ಹೈಸ್ಕೂಲು ಓದಕ್ಕೆ ದುರ್ಗಕ್ಕೆ ಬಂದೋನು, ಜೋಗಿಮಟ್ಟಿ ಬೆಟ್ಟದ ಬುಡದಾಗಿರೋ ಇವರ ಹಟ್ಟಿಯಾಗೇ ಇದ್ದು, ಏಕಾಂತಮ್ಮನ ಅಜ್ಜಿ ಬರಗೇರಮ್ಮ ಹಾಕಿದ ಮುದ್ದೆ ಉಂಡೇ ಬೆಳೆದೋನು. ಈಗ ಮೈಸೂರಿನಾಗೆ ಲೆಕ್ಚರರು. ಕುರಿ ಕಾಯೋರ ಮನೇಲಿ ಹುಟ್ಟಿ ಕೋಟು ಹಾಕ್ಕಂಡು ಸ್ಟೇಜು ಹತ್ತಿದೋನು ಅವನೊಬ್ನೇ. ಅದ್ಕೇ ಬರಗೇರಮ್ಮ, ಹಟ್ಟಿ ಹಿರಿಯ ಮಾರಣ್ಣ, ಇನ್ನೊಂದಿಷ್ಟು ಜನ ಬೆಳಗ್ಗೇನೇ ಬಂದು ಹಿಂದಿನ ಸಾಲಿನಾಗೆ ಕುಂತಿದ್ರು.

"ಏನೇ ಇದು ಕುರ್ಚಿ, ಐಸ್‌ಗಡ್ಡೆ ಇದ್ದಂಗೈತೆ," ಅಂತು ಅಜ್ಜಿ.

"ಸುಮ್ನೆ ಕುಂತ್ಕ ಅಜ್ಜಿ. ಮಾತಾಡಂಗಿಲ್ಲ ಇಲ್ಲಿ."

"ಮಾತಾಡಂಗಿಲ್ಲ ಅಂದ್ರೆ ಆ ಮೈಕು ಯಾಕೆ ಇಟ್ಟವ್ರೆ?"

ಮಾರಣ್ಣ ಪಕ್ಕದಿಂದ ಕಿಸಕ್ಕಂತ ನಕ್ಕ.

ಬೇಸಿಗೆ ರಜೆಯಾಗೆ ಜುಂಜಯ್ಯ ಹಟ್ಟಿಗೆ ಅಳತೆ ಟೇಪು ತಂದಿದ್ದ. ಆ ಕಡೆ ತುದಿ ಹಿಡ್ಕಂಡೋಳು ಏಕಾಂತಮ್ಮ. ಹಟ್ಟಿ ಹಿಂದಿರೋ ರೊಪ್ಪದ ಜಾಗಾನೆಲ್ಲ ಅಳೆದ್ರು. ರೊಪ್ಪ ಅಂದ್ರೆ ಕುರಿ ಕೂಡೋ ಮುಳ್ಳುಬೇಲಿ ದೊಡ್ಡಿ. ಕುರಿ ಹಿಂಡೆಲ್ಲ ಹೊರಕೆರೆದೇವಪುರದ ಕಡೆ ಹೊಲಗಳಿಗೆ ಮಂದೆ ನಿಲ್ಸಕ್ಕೆ, ಅಂದ್ರೆ ಗೊಬ್ಬರ ಬೀಳ್ಲಿ ಅಂತ ರಾತ್ರಿ ತಂಗಕ್ಕೆ, ಹೋಗಿದ್ವು. ಕಡೇಗೆ ಒಲೆ ಹತ್ರ ಕುಂತು ಜುಂಜಯ್ಯ ನಗ್ತಾ ಕೇಳಿದ್ದ:

"ಅಜ್ಜಿ, ಕುರಿ ಎಷ್ಟವೆ?"

"ಏನೂ ಇಲ್ಲ ಬಿಡಪ್ಪ."

ಮೂರೂ ಜನ ಹೊಟ್ಟೆ ಹಿಡ್ಕಂಡು ನಕ್ಕಿದ್ರು. ಯಾಕಂದ್ರೆ ಕುರಿ ಸಾಕೋರು ಲೆಕ್ಕಾನ ಬಾಯಿಬಿಟ್ಟು ಹೇಳಲ್ಲ. ಹೇಳಿದ್ರೆ ಕಣ್ಣು ಬೀಳ್ತೈತೆ, ಹಿಂಡು ಕರಗ್ತೈತೆ. ಯಾರು ಕೇಳಿದ್ರೂ ‘ಏನೂ ಇಲ್ಲ ಬಿಡ್ರಿ’. ಅದರರ್ಥ ದೇವರು ಕೊಟ್ಟಿದ್ದು ಬೇಕಾದಷ್ಟೈತೆ ಅಂತ. ಹಟ್ಟಿಯಾಗೆ ತೊಟ್ಲಲ್ಲಿರೋ ಕೂಸಿಗೂ ಗೊತ್ತಿರೋ ಮಾತು. ಜುಂಜಯ್ಯನಿಗೆ ಗೊತ್ತಿಲ್ದೆ ಇರ್ತೈತಾ?

ಈಗ ಜುಂಜಯ್ಯ ಎದ್ದು ಮೈಕಿನ ಮುಂದೆ ನಿಂತ. ಇಂಗ್ಲಿಷಿನಾಗೆ ಶುರು ಮಾಡಿದ. ಹಿಂದಿನ ಸಾಲಿನೋರು ಒಂದಕ್ಷರ ತಿಳೀದಿದ್ರೂ ಬಾಯಿ ತಕ್ಕಂಡು ಕೇಳ್ತಿದ್ರು.

ಏಕಾಂತಮ್ಮನಿಗೆ ತಿಳೀತಿತ್ತು. ಅದೇ ಫಜೀತಿಯಾಗಿದ್ದು.

ಪ್ರಬಂಧದ ಪ್ರಕಾರ ಜೋಗಿಮಟ್ಟಿ ಬುಡದ ಜಾಗ ಖಾಲಿ ಬಿದ್ದೈತೆ. ಅಲ್ಲಿ ಈಗ ಕುರಿ ಸಾಕಣೆ ಇಲ್ಲ, ಹಂಗಂತ ಅಲ್ಲಿನ ಜನಾನೇ ಹೇಳವ್ರೆ. ಅದ್ಕೇ ಊರು ಬೆಳೆಯಕ್ಕೆ ಆ ಜಾಗ ತಗಂಡು ಬಡಾವಣೆ ಮಾಡಬೇಕು. ಇಷ್ಟು ಓದಿ ಜುಂಜಯ್ಯ ಕನ್ನಡಕ ತೆಗೆದ. ಮುಂದಿನ ಸಾಲಿನಾಗೆ ಕುಂತಿದ್ದ ಸರ್ಕಾರಿ ಆಫೀಸರು ಹೌದು ಅಂತ ತಲೆ ಆಡಿಸಿದ್ರು. ಅಧ್ಯಕ್ಷರು ಪಂಚಾಕ್ಷರಪ್ಪ ಅಂತ ರಿಟೈರಾದ ಇಂಜಿನಿಯರು, ಅವರೆದ್ದು, "ಊಟಕ್ಕೆ ಮುಂಚೆ ಈ ನಿರ್ಣಯ ಪಾಸ್ ಮಾಡಿ ಸರ್ಕಾರಕ್ಕೆ ಕಳಿಸೋಣ," ಅಂದ್ರು.

ಸಭೆಯೆಲ್ಲ ಚಪ್ಪಾಳೆ ತಟ್ತು. ಎಲ್ಲಾರಿಗಿಂತ ಜೋರಾಗಿ ತಟ್ಟಿದೋರು ಹಿಂದಿನ ಸಾಲಿನೋರು.

ಏಕಾಂತಮ್ಮನ ಕೈಯಾಗಿನ ಜಗ್ಗು ತುಳುಕಿ ಸೀರೆಯೆಲ್ಲ ನೆಂದೋಯ್ತು.

"ನಮ್ಮ ಗ್ರಾಮಸ್ಥರು ಬಂದಿದಾರೆ, ಯಾರಾದ್ರೂ ಸಾರಾಂಶ ಕನ್ನಡದಲ್ಲಿ ಹೇಳಿ," ಅಂದ್ರು ಪಂಚಾಕ್ಷರಪ್ಪ. ಜುಂಜಯ್ಯ ಇವಳನ್ನೇ ಕರೆದ. ಮೆಟ್ಲು ಹತ್ತೋವಾಗ ಕಿವಿ ಹತ್ರ ಬಂದು, "ರಸ್ತೆ, ದೀಪ, ನಲ್ಲಿ ಬರ್ತೈತೆ ಅಂತ ಹೇಳು ಸಾಕು. ಮಿಕ್ಕಿದ್ದು ಆಮೇಲೆ ನಾನೇ ಹೇಳ್ತೀನಿ," ಅಂದ. ಅಣ್ಣ ತಂಗೀಗೆ ಅಂಗಡಿಗೆ ಹೋಗಿ ಬಾ ಅಂದಂಗೆ ಅಂದ.

ಹಂಗಾದ್ರೆ ಮರೆತು ಬರೆದಿದ್ದಲ್ಲ ಇದು. ಗೊತ್ತಿದ್ದೇ ಬರೆದವ್ನೆ.

ಅವಳು ಮೈಕು ಹಿಡಿದ್ಲು. "ಜುಂಜಣ್ಣ ಏನಂತಾನೆ ಅಂದ್ರೆ... ನಮ್ಮತ್ರ ಕುರಿ ಇಲ್ಲ ಅಂತ."

ಹಿಂದಿನ ಸಾಲಿನಾಗೆ ಬರಗೇರಮ್ಮ ತೊಡೆ ತಟ್ಕಂಡು ನಗಾಡಿಬಿಡ್ತು. "ಭಲೇ ನನ್ ಮಗನೇ! ಇಷ್ಟು ಜನದ ಕಣ್ಣು ಬೀಳಬಾರ್ದು ಅಂತ ಎಷ್ಟು ಚೆಂದಾಗೆ ಮುಚ್ಚವ್ನೆ ನೋಡ್ರೋ!" ಮಾರಣ್ಣನೂ ಮೀಸೆ ತಿರುವಿ, "ನಮ್ಮೋನು ನಮ್ಮೋನೇ ಬಿಡು," ಅಂದ.

ಏಕಾಂತಮ್ಮ ಮೈಕನ್ನ ಇನ್ನೂ ಹತ್ರಕ್ಕೆ ಎಳ್ಕಂಡ್ಲು.

"ಅಜ್ಜಿ, ನಗಬ್ಯಾಡ. ಕುರಿ ಇಲ್ಲ ಅಂತ ಬರೆದ್ಮೇಲೆ ರೊಪ್ಪ ಯಾಕೆ ಬೇಕು ನಿಮಗೆ ಅಂತ ಕೇಳ್ತಾವ್ರೆ. ಜಾಗ ಸೈಟ್ ಮಾಡ್ತಾರಂತೆ. ಹಿಂಡು ವಾಪಸ್ ಬಂದ್ರೆ ಕೂಡಕ್ಕೆ ಜಾಗ ಇರಲ್ಲ."

ನಗು ನಿಂತ್ಕಂಡ್ತು. ಮಾರಣ್ಣ ಎದ್ದ. "ಸ್ವಾಮಿ, ಅದು ಹಂಗಲ್ಲ. ಕುರಿ ಅವೆ."

"ಅವೆ ಅಂದ್ರೆ ಎಷ್ಟಪ್ಪ?" ಪಂಚಾಕ್ಷರಪ್ಪ ಕೆಟ್ಟೋರಲ್ಲ, ಪೆನ್ನು ತೆಗೆದ್ರು. "ಒಂದು ಸಂಖ್ಯೆ ಹೇಳು, ಈಗಲೇ ತಿದ್ದಿಸ್ತೀನಿ."

ಅಷ್ಟೇ ಬೇಕಾಗಿದ್ದು. ಒಂದು ಸಂಖ್ಯೆ. ಮಾರಣ್ಣನ ಬಾಯಿ ತೆರೀತು, ಮುಚ್ಕಂಡ್ತು. ಅವರಪ್ಪ ಹೇಳಿರಲಿಲ್ಲ, ಅವರ ತಾತ ಹೇಳಿರಲಿಲ್ಲ. ಅವನು ಜುಂಜಯ್ಯನ ಕಡೆ ನೋಡಿದ. ಹಟ್ಟಿ ಪೂರಾ ಜುಂಜಯ್ಯನ ಕಡೆ ನೋಡ್ತು. ಹೇಳಪ್ಪ, ನೀನಾದ್ರೂ ಬಿಡಿಸಿ ಹೇಳು ಇವರಿಗೆ, ಅನ್ನಂಗೆ.

ಜುಂಜಯ್ಯ ಕನ್ನಡಕ ಒರೆಸ್ಕಂಡ. "ಸರ್, ಅವರ ಬಾಯಿಂದ ಬಂದಿದ್ದನ್ನೇ ನಾನು ಬರೆದಿರೋದು. ಏಕಾಂತಮ್ಮನೂ ಅಲ್ಲೇ ಇದ್ಲು, ಕೇಳ್ರಿ."

"ಹೌದೇನಮ್ಮ?"

"ಅಜ್ಜಿ ಅಂದಿದ್ದು ನಿಜ ಸರ್, ಆದ್ರೆ ಅದರರ್ಥ..."

"ಅಂದಿದ್ದು ನಿಜ ಅಂತಾಳಲ್ಲ ಸರ್," ಅಂದ ಜುಂಜಯ್ಯ ಮೆಲ್ಲಗೆ.

ಟೇಪಿನ ತುದಿ ಹಿಡ್ಕಂಡಿದ್ದ ಕೈಯಿಂದ್ಲೇ ಈಗ ಸಾಕ್ಷಿ ಹೇಳಿಸ್ತಾವ್ನೆ! ಎಷ್ಟವೆ ಅಂತ ಅವಳಿಗೂ ಗೊತ್ತಿತ್ತು. ಹೇಳಣ ಅಂತ ಹೋದ್ರೆ ಅವಳ ನಾಲಿಗೆನೂ ಹಟ್ಟಿ ನಾಲಿಗೆನೇ, ಹೊರಳ್ಲಿಲ್ಲ.

ಅಷ್ಟೊತ್ತಿಗೆ ಬರಗೇರಮ್ಮ ಸೆರಗು ಸಿಗಿಸ್ಕಂಡು ನಡು ಹಾಲಿನಾಗೆ ನಡ್ಕಂಡು ಬಂತು. ಮೆಟ್ಲು ಹತ್ತಿ ಜುಂಜಯ್ಯನ ಮುಖ ನೋಡ್ತು. "ನಿನ್ನನ್ನ ಹೊರಗಿನೋನು ಅಂದ್ಕಂಡಿದ್ರೆ ಬಾಗ್ಲಾಗೇ ನಿಲ್ಲಿಸಿ ಮಾತಾಡ್ತಿದ್ದೆ ಕಣೋ. ಅರ್ಥ ಗೊತ್ತಿರೋ ಮನೆ ಮಗ ಅಂತ ಒಲೆ ಹತ್ರ ಕುಂದ್ರಿಸಿ ಅಂದಿದ್ದಲ್ಲೇನೋ ಅದು?"

ಅವನು ಗೋಡೆ ಕಡೆಗೆ ಸರಿದ. ಅಜ್ಜಿ ಮೈಕಿಗೆ ಬಾಯಿಟ್ಟು, "ಲೆಕ್ಕ ಹೇಳಬಾರ್ದು ಸ್ವಾಮಿ. ಹೆಸರು ಹೇಳಬೋದು, ಬರ್ಕಳ್ರಿ," ಅಂತು.

"ಕರಿಕಿವಿ. ಕರಿಕಿವಿ ಮಗಳು ಚುಕ್ಕಿ. ಕೆಂಚಿ. ಕಾಡಿಗೆಕಣ್ಣಿ. ಜೋಲ್ಗಿವಿ. ಹಿರಿಯೂರು ಸಂತೇಲಿ ತಂದ ಗುಜ್ಜಿ. ಗುಜ್ಜಿದು ಎರಡ್ನೇ ಮರಿ ಬೆಳ್ಳಿಮೂತಿ..."

ಸಭೆಯೆಲ್ಲ ಗೊಳ್ಳಂತ ನಕ್ತು. ಅಜ್ಜಿ ನಿಲ್ಲಿಸಲಿಲ್ಲ. ಕುರಿ ಮೇಲೆ ಕುರಿ ಬರ್ತಾನೇ ಇದ್ವು. ನಗೋರು ಸುಮ್ಮನಾದ್ರು. ಪಂಚಾಕ್ಷರಪ್ಪ ಬರ್ಕಳ್ತಾ ಬರ್ಕಳ್ತಾ ಹಾಳೆ ಮಗುಚಿದ್ರು. ಆಫೀಸರು ಗಡಿಯಾರ ನೋಡಿ, "ಊಟ ಆದ್ಮೇಲೆ ಮಾರಿಕಣಿವೆಗೆ ಬಸ್ಸು ಹೊರಡಬೇಕು, ಡ್ಯಾಮ್ ನೋಡಬೇಕಲ್ಲ," ಅಂದ್ರು.

"...ಮೋಟುಬಾಲಿ, ಹೊಸದುರ್ಗದ ಬೀಗರು ಕೊಟ್ಟ ಸೋಗೆ, ಮುರುಕೊಂಬಿ..."

ಟಕ್.

ಮೈಕು ಸತ್ತೋಯ್ತು. ಏಕಾಂತಮ್ಮ ತಿರುಗಿ ನೋಡಿದ್ಲು. ಗೋಡೆ ಹತ್ರ ಸ್ವಿಚ್ಚಿನ ಮೇಲೆ ಜುಂಜಯ್ಯನ ಬೆರಳು ಇನ್ನೂ ಹಂಗೇ ಇತ್ತು.

"ಟೈಮ್ ಆಯ್ತು ಸರ್," ಅಂದ ಅವನು, ಯಾರ ಮುಖಾನೂ ನೋಡ್ದೆ. "ನಿರ್ಣಯಕ್ಕೆ ಒಪ್ಪಿಗೆ ಇರೋರು ಕೈ ಎತ್ತಬೋದು."

ಮುಂದಿನ ಸಾಲಿನಾಗೆ ಕೈಗಳು ಎದ್ವು. ಪಂಚಾಕ್ಷರಪ್ಪ ತಮ್ಮ ಹಾಳೆ ಒಂದ್ಸಲ ನೋಡ್ಕಂಡ್ರು, ಎತ್ತಿದ ಕೈಗಳ್ನ ಒಂದ್ಸಲ ನೋಡಿದ್ರು. ಆಮೇಲೆ ‘ಪಾಸ್’ ಅಂದು ಪೆನ್ನಿನ ಕ್ಯಾಪು ಹಾಕಿದ್ರು. ಕುರ್ಚಿ ಕಿರ್ರಂದ್ವು, ಎಲ್ಲಾ ಊಟಕ್ಕೆ ಎದ್ರು. ಜುಂಜಯ್ಯ ಆಫೀಸರ ಬ್ಯಾಗು ಹಿಡ್ಕಂಡು ಅವರ ಹಿಂದೇನೇ ಹೋದ.

ಬರಗೇರಮ್ಮ ಸತ್ತ ಮೈಕಿನ ಮುಂದೆ ನಿಂತೇ ಇತ್ತು. "ಎಲ್ಲೀಗೆ ಬಂದಿದ್ದೆ ನಾನು?"

"ಮುರುಕೊಂಬಿ ತಂಕ, ಅಜ್ಜಿ," ಅಂದ್ಲು ಏಕಾಂತಮ್ಮ.

"ಹ್ಞೂಂ. ಮುರುಕೊಂಬಿ. ಅದರ ತಂಗಿ ನವಣೆ..."

ಖಾಲಿ ಕುರ್ಚಿಗಳಿಗೆ ಹೇಳ್ತಾ ಹೋಯ್ತು ಅಜ್ಜಿ. ಏಕಾಂತಮ್ಮ ಪಕ್ಕದಾಗೆ ನಿಂತು ಒಂದೊಂದಕ್ಕೂ ಹೂಂಗುಟ್ಟಿದ್ಲು.